ಮೊದಲು ನೆರಳಿನ ಬಣ್ಣ ನೋಡಿ, ಬ್ರಷ್ ಗುರುತು ಆಮೇಲೆ

ಕಿಟಕಿ ಪಕ್ಕದ ಬಿಳಿ ಹೂಜಿಯ ಎರಡು ಚಿತ್ರ ಹಾಕಿ, "ನೀಟಾಗಿ ಬಂದಿರೋದು ರಿಯಲಿಸಂ, ಅಂಚು ಮಸುಕು ಮಾಡಿರೋದು ಇಂಪ್ರೆಷನಿಸಂ, ಸರೀನಾ?" ಅಂತ ಕೇಳಿದ್ದೀರಿ. ಕೈ ಚೆನ್ನಾಗಿ ಪಳಗಿದೆ, ಹೂಜಿಯ ಆಕಾರ ಎರಡರಲ್ಲೂ ಕೆಟ್ಟಿಲ್ಲ. ಆದರೆ ನನ್ನ ಕಣ್ಣಿಗೆ ಎರಡೂ ಒಂದೇ ಚಿತ್ರ. ಎರಡನೆಯದರಲ್ಲಿ ಒಣ ಬ್ರಷ್‌ನಿಂದ ಅಂಚು ಉಜ್ಜಿದ್ದೀರಿ, ಅಷ್ಟೇ.

ರಿಯಲಿಸಂ ವಿಷಯ ಬೇಗ ಮುಗಿಸ್ತೀನಿ. ಇದ್ದದ್ದನ್ನು ಇದ್ದ ಹಾಗೇ ಬಿಡಿಸೋ ಕೈಚಳಕ ಶತಮಾನಗಳಿಂದ ಇತ್ತು. 19ನೇ ಶತಮಾನದ ಫ್ರಾನ್ಸ್‌ನಲ್ಲಿ ಜಗಳ ಆಗಿದ್ದು ಯಾರನ್ನು ಬಿಡಿಸಬೇಕು ಅನ್ನೋದಕ್ಕೆ. ಚಿತ್ರಕಾರ ಗುಸ್ತಾವ್ ಕೂರ್ಬೆ ತನ್ನೂರಿನ ಒಂದು ಸಾಮಾನ್ಯ ಶವಸಂಸ್ಕಾರವನ್ನು ಆರೂವರೆ ಮೀಟರ್ ಅಗಲದ ಕ್ಯಾನ್ವಾಸ್ ಮೇಲೆ ಬಿಡಿಸಿ 1850-51ರ ಪ್ಯಾರಿಸ್ ಸಲೋನ್‌ಗೆ, ಅಂದ್ರೆ ಅಲ್ಲಿನ ಅಧಿಕೃತ ಕಲಾ ಪ್ರದರ್ಶನಕ್ಕೆ, ತಂದ. ದೇವತೆಗಳಿಗೆ, ರಾಜರಿಗೆ, ಯುದ್ಧಗಳಿಗೆ ಮೀಸಲಾಗಿದ್ದ ಅಳತೆ ಅದು. ಸಾಮಾನ್ಯರಿಗೆ ಆ ಜಾಗ ಕೊಟ್ಟದ್ದೇ ರಿಯಲಿಸಂ. ಅಂದಹಾಗೆ, ಕೂರ್ಬೆ ಪ್ಯಾಲೆಟ್ ನೈಫ್‌ನಿಂದ (ಬಣ್ಣ ಕಲಸೋ ಚಪ್ಪಟೆ ಚಾಕು) ದಪ್ಪಗೆ ಬಣ್ಣ ಮೆತ್ತುತ್ತಿದ್ದವನು. ಹಾಗಾಗಿ ಒರಟು ಗುರುತು ಕಂಡ ತಕ್ಷಣ ಇಂಪ್ರೆಷನಿಸಂ ಅನ್ನೋಕಾಗಲ್ಲ.

ಇನ್ನು ಇಂಪ್ರೆಷನಿಸಂ, ಅಂದ್ರೆ ಆ ಹೊತ್ತಿನ ಬೆಳಕನ್ನು ಬಣ್ಣದಲ್ಲಿ ಹಿಡಿಯೋದು. ಫ್ರೆಂಚ್ ಚಿತ್ರಕಾರ ಮೋನೆಯನ್ನೇ ನೋಡಿ. 1872ರಲ್ಲಿ ಫ್ರಾನ್ಸ್‌ನ ಲ ಹಾವ್ರ್ ಬಂದರಿನ ಸೂರ್ಯೋದಯ ಬಿಡಿಸಿದ, 1874ರ ಪ್ರದರ್ಶನದಲ್ಲಿ ಅದನ್ನು 'ಇಂಪ್ರೆಷನ್, ಸೂರ್ಯೋದಯ' ಅನ್ನೋ ಹೆಸರಲ್ಲಿ ಇಟ್ಟ ಮೇಲೇ ಅವನ ಗುಂಪಿಗೆ ಇಂಪ್ರೆಷನಿಸ್ಟರು ಅಂತ ಹೆಸರು ಬಂದದ್ದು. ಅದರ ಫೋಟೋವನ್ನು ಮೊಬೈಲ್‌ನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿ: ಕಿತ್ತಳೆ ಸೂರ್ಯ ಹೆಚ್ಚುಕಮ್ಮಿ ಮಾಯ! ಸೂರ್ಯನೂ ಸುತ್ತಲಿನ ಬೂದು ಮುಗಿಲೂ ಸುಮಾರು ಒಂದೇ ಹೊಳಪಿನವು. ಅಲ್ಲಿ ಸೂರ್ಯ ಕಾಣೋದು ಬರೀ ಬಣ್ಣದ ವ್ಯತ್ಯಾಸದಿಂದ. ನಿಮ್ಮ ಎರಡು ಚಿತ್ರಗಳಿಗೂ ಹೀಗೇ ಮಾಡಿ, ಏನೂ ಕಳೆದುಹೋಗಲ್ಲ, ಯಾಕಂದ್ರೆ ಎರಡರಲ್ಲೂ ಕೆಲಸ ಮಾಡ್ತಿರೋದು ಬೆಳಕು-ಕತ್ತಲೆಯ ಶೇಡಿಂಗ್ ಒಂದೇ.

ನಿಮ್ಮ ಹೂಜಿಯ ನೆರಳು ಕಪ್ಪು-ಬಿಳಿ ಬೆರೆಸಿದ ಬೂದು. ಆದರೆ ಕೆಳಗೆ ಹಾಸಿರೋದು ಹಳದಿ ಬಟ್ಟೆ. ಹೂಜಿಯ ಹೊಟ್ಟೆಯ ಅಡಿಭಾಗಕ್ಕೆ ಆ ಹಳದಿ ಹೊಡೆಯಲೇಬೇಕು. ಮೇಲೆ, ಬಾಯಿಯ ಹತ್ತಿರದ ನೆರಳಿಗೆ ಬೇರೆಯದೇ ಛಾಯೆ. ಮೋನೆಯ ಹಿಮದ ಚಿತ್ರಗಳಲ್ಲಿ ಬೇಲಿಯ ನೆರಳು ನೀಲಿ ಇರೋದು ಗಮನಿಸಿ. ಹಾಗಂತ ನೆರಳು ಅಂದ್ರೆ ನೀಲಿ ಅಂತ ಉರು ಹೊಡೆಯಬೇಡಿ. ನೇರ ಬಿಸಿಲಿದ್ದರೆ ನೆರಳು ನೀಲಿಗೆ ವಾಲುತ್ತೆ. ಬಿಸಿಲಿಲ್ಲದೆ ಬರೀ ಆಕಾಶದ ಬೆಳಕು ಕಿಟಕಿಯಿಂದ ಬರ್ತಿದ್ದರೆ ಅದೇ ನೆರಳು ಸ್ವಲ್ಪ ಬೆಚ್ಚಗೂ ಕಾಣಬಹುದು. ಕಣ್ಣು ಕಿರಿದು ಮಾಡಿ ನೋಡಿ, ಪಕ್ಕದ ಬಣ್ಣದ ಜೊತೆ ಹೋಲಿಸಿ, ಆಮೇಲೆ ಬೆರೆಸಿ.

ಅದೇ ಹೂಜಿಯ ಮೂರನೇ ಚಿತ್ರ ಮಾಡಿ. ಕಪ್ಪು ಟ್ಯೂಬ್ ಎತ್ತಿಡಿ. ಬಿಳಿ ಕ್ಯಾನ್ವಾಸ್ ಮೇಲೇ ಶುರು ಮಾಡಿ, ಪೆನ್ಸಿಲ್ ಔಟ್‌ಲೈನ್ ಬೇಡ. ಗಾಢ ಬೇಕಾದ ಕಡೆ ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಗಂದು ಬಣ್ಣ ಸೇರಿಸಿದರೆ ಸಾಕು. ಹಚ್ಚಿದ ಬಣ್ಣವನ್ನು ಮತ್ತೆ ತೀಡಬೇಡಿ, ಪಕ್ಕದಲ್ಲಿ ಇನ್ನೊಂದು ತುಂಡು ಇಡಿ. ಒಂದು ಗಂಟೆಯೊಳಗೆ ಮುಗಿಸಿ, ಆಮೇಲೆ ಬೆಳಕು ಸರಿದಿರುತ್ತೆ. 1890-91ರ ಹುಲ್ಲಿನ ಬಣವೆ ಚಿತ್ರಗಳನ್ನು ಮಾಡುವಾಗ ಮೋನೆ ಹಲವು ಕ್ಯಾನ್ವಾಸ್ ಜೊತೆಗಿಟ್ಟುಕೊಂಡು, ಬೆಳಕು ಬದಲಾದ ಹಾಗೆ ಕ್ಯಾನ್ವಾಸೂ ಬದಲಾಯಿಸ್ತಿದ್ದ. ನೀವು ಅಷ್ಟು ದೂರ ಹೋಗೋದೇನೂ ಬೇಡ, ಗಂಟೆಯೊಳಗೆ ಮುಗಿಯದಿದ್ದರೆ ನಾಳೆ ಅದೇ ಹೊತ್ತಿಗೆ ಮುಂದುವರಿಸಿದರಾಯ್ತು.

ರಿಯಲಿಸಂ ಕಡೆಗೇ ಮನಸ್ಸಿದ್ದರೆ ದಾರಿ ಬೇರೆ. ಕಂದು ಬಣ್ಣದ ತಳ ಹಚ್ಚಿ, ನಿಧಾನಕ್ಕೆ ಕಟ್ಟುತ್ತಾ ಹೋಗಿ. ಆದರೆ ಆಗ ಅಂಗಡಿಯಿಂದ ಈಗಷ್ಟೇ ತಂದಂತಿರೋ ಹೂಜಿ ಬೇಡ. ಬಾಯಿ ಚಕ್ಕೆ ಎದ್ದಿರೋದು, ಹಿಡಿಯಲ್ಲಿ ಕೊಳೆ ಕೂತಿರೋದು, ದಿನಾ ಕೈಯಾಡಿದ್ದು ತಗೊಳ್ಳಿ. ಆ ಕೊಳೆಯನ್ನು ಚಂದ ಮಾಡೋಕೆ ಹೋಗಬೇಡಿ.

ರಿಯಲಿಸಂಗೂ ಇಂಪ್ರೆಷನಿಸಂಗೂ ನಡುವೆ ಗೆರೆ ಎಲ್ಲಿ ಅಂತ ನಿಮ್ಮ ಪ್ರಶ್ನೆಯ ಕೆಳಗೆ ಇನ್ನೊಬ್ಬರು ಕೇಳಿದ್ದಾರೆ. ಫ್ರೆಂಚ್ ಚಿತ್ರಕಾರ ಗುಸ್ತಾವ್ ಕಾಯ್‌ಬೊತ್ 1875ರಲ್ಲಿ ಬಿಡಿಸಿದ ಚಿತ್ರ ಹುಡುಕಿ ನೋಡಿ. ಮೂವರು ಕೂಲಿಗಳು ಮೊಣಕಾಲೂರಿ ಮರದ ನೆಲ ಹೆರೆಯುತ್ತಿದ್ದಾರೆ. ವಿಷಯ, ರೇಖೆಯ ಬಿಗಿ ಎಲ್ಲಾ ರಿಯಲಿಸಂನದ್ದೇ. ಆದರೆ ಕಿಟಕಿಯಿಂದ ಬಂದು ಹಲಗೆಗಳ ಮೇಲೆ, ಬೆನ್ನುಗಳ ಮೇಲೆ ಜಾರೋ ಆ ಬೆಳಕು? ಸಲೋನ್ ಅದನ್ನು ತಿರಸ್ಕರಿಸಿತು, ಮರುವರ್ಷ ಇಂಪ್ರೆಷನಿಸ್ಟರು ತಮ್ಮ ಪ್ರದರ್ಶನದಲ್ಲಿ ಇಟ್ಟರು. ನನಗೆ ಕೇಳಿದರೆ ಅದು ಎರಡೂ ಹೌದು.

ಅಕ್ರಿಲಿಕ್‌ನಲ್ಲೇ ಮಾಡ್ತೀರಾದ್ರೆ ರಿಟಾರ್ಡರ್ (ಬಣ್ಣ ಒಣಗೋದನ್ನು ನಿಧಾನ ಮಾಡೋದು) ಒಂದೆರಡು ಹನಿ ಹಾಕ್ಕೊಳ್ಳಿ, ಇಲ್ಲದಿದ್ದರೆ ನೆರಳಿನ ಬಣ್ಣ ಹೊಂದಿಸೋಷ್ಟರಲ್ಲಿ ಪ್ಯಾಲೆಟ್ ಮೇಲೇ ಒಣಗಿರುತ್ತೆ. ಚಿತ್ರದ ಫೋಟೋವನ್ನು ಫ್ಲ್ಯಾಶ್ ಇಲ್ಲದೆ ತೆಗೆದು ಹಾಕಿ.