ಮತ್ತೆ ಶಾಲೆ ಮುಚ್ಚಿದರೆ ಮಕ್ಕಳ ವ್ಯಾಯಾಮಕ್ಕೆ ಯಾವ ಆ್ಯಪ್ ಒಳ್ಳೆಯದು?

ಕೋವಿಡ್ ಕಾಲದಲ್ಲಿ ನಿಮ್ಮ ಶಾಲೆಯ ಬಡ ಮಕ್ಕಳಿಗೆ ಆಟದ ಆಸಕ್ತಿಯೇ ಹೊರಟುಹೋಯಿತು, ಇನ್ನೊಮ್ಮೆ ಹಾಗಾದರೆ ಯಾವ ಆ್ಯಪ್ ಬಳಸಬೇಕು ಎಂದು ಕೇಳಿದ್ದೀರಿ. ಮೂಡಿಗೆರೆ ಕಡೆಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದ ನಾನೂ 2020ರಲ್ಲಿ ಇದೇ ಮಾತನ್ನು ಆಡಿದವನು. ಆಸಕ್ತಿ ಹೊರಟುಹೋಯಿತು ಎಂಬ ಆ ಮಾತನ್ನು ಈಗ ಒಪ್ಪಲಾರೆ.

ಬಾಲಕಿಯರ ಖೋ-ಖೋ ತಂಡ ಚದುರಬಾರದೆಂದು ವಾಟ್ಸ್‌ಆ್ಯಪ್ ಗುಂಪು ಮಾಡಿ, ಸ್ಕಿಪ್ಪಿಂಗ್, ಬಸ್ಕಿ, ನಿಂತಲ್ಲೇ ಓಟ ಇವುಗಳ ವಿಡಿಯೊ ಹಾಕಿ, ಅವರೂ ಮಾಡಿ ತೋರಿಸಬೇಕೆಂದು ಹೇಳಿದ್ದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಹಾನಿಯಿರಲಿಲ್ಲ. ಬಂದ ವಿಡಿಯೊವನ್ನೇ ಹಾಜರಿಯೆಂದು ಬರೆದುಕೊಂಡೆ, ಹಾಜರಿಯನ್ನೇ ಶ್ರದ್ಧೆಯೆಂದು ಎಣಿಸಿದೆ, ಶಾಲೆ ತೆರೆದಾಗ ಅದೇ ಪಟ್ಟಿ ಹಿಡಿದು ತಂಡ ಆರಿಸಿದೆ. ಪೇಟೆಯ ತಾರಸಿ ಮನೆಯ ಹುಡುಗಿಯರು ತಪ್ಪದೆ ಕಳುಹಿಸುತ್ತಿದ್ದರು. ತಂಡದಲ್ಲೇ ಚುರುಕಾಗಿ ಕಂಬ ತಿರುಗುತ್ತಿದ್ದ ಕಾಫಿ ಎಸ್ಟೇಟಿನ ಲೈನ್ ಮನೆಯ (ಕಾರ್ಮಿಕರ ಸಾಲುಮನೆಯ) ಹುಡುಗಿಯಿಂದ ಬಂದದ್ದು ಒಂದೇ ವಿಡಿಯೊ: ಕತ್ತಲು, ಒಂದು ಬಲ್ಬು, ಬೀಸಿದಾಗಲೆಲ್ಲ ಮಾಡಿನ ತಗಡಿಗೆ ತಾಗುವ ಹಗ್ಗ. ಮನೆಗಿದ್ದ ಒಂದೇ ಫೋನು ಅಪ್ಪನ ಜೇಬಿನಲ್ಲಿರುತ್ತದೆ, ಅದು ಸಿಗುವುದು ಕತ್ತಲಾದ ಮೇಲೆಯೇ ಎಂಬುದು ಆ ದೃಶ್ಯದಲ್ಲೇ ಇತ್ತು. ನಾನು ನೋಡಿದ್ದು ಅವಳ ಎಣಿಕೆ ತಪ್ಪಿದ್ದನ್ನು ಮಾತ್ರ. ಅರ್ಧದಷ್ಟು ಕಾರ್ಮಿಕರೊಂದಿಗೆ ಕಾಫಿ ತೋಟದ ಕೆಲಸಕ್ಕೆ ಕೇಂದ್ರದ ಆದೇಶದಲ್ಲಿ ಏಪ್ರಿಲ್ 20ರಿಂದಲೇ ಅನುಮತಿ ಸಿಕ್ಕಿತ್ತು. ತಾಯಿ ತೋಟಕ್ಕೆ ಹೋದರೆ ತಮ್ಮನನ್ನು ನೋಡಿಕೊಳ್ಳುವುದು, ನೀರು ಹೊರುವುದು ಇವಳ ಪಾಲಿಗೆ. ಒಂದು ಫೋನ್ ಕರೆ ಮಾಡಿ ವಿಚಾರಿಸಿದ್ದರೆ ಇದೆಲ್ಲ ತಿಳಿಯುತ್ತಿತ್ತು. ವಿಚಾರಿಸದೆ ಹೆಸರು ಹೊಡೆದುಹಾಕಿದೆ; ಅವಳು ಮತ್ತೆ ಆಟಕ್ಕೆ ಬರಲಿಲ್ಲ. ನೀರು ಹೊತ್ತದ್ದೂ ವ್ಯಾಯಾಮವೇ ಅಲ್ಲವೇ ಎಂದು ಸಹೋದ್ಯೋಗಿಯೊಬ್ಬರು ಸಮಾಧಾನ ಹೇಳಿದರು. ಕೊಡ ಹೊತ್ತು ದಣಿದವಳನ್ನು ಯಾವ ತಂಡಕ್ಕೂ ಆರಿಸುವುದಿಲ್ಲ.

ಮಲೆನಾಡಿನಲ್ಲಿ ಸಮತಟ್ಟಾದ ಜಾಗವೆಂದರೆ ಗದ್ದೆ, ಕಾಫಿ ಒಣಗಿಸುವ ಕಣ, ಶಾಲೆಯ ಮೈದಾನ. ಗದ್ದೆಯಲ್ಲಿ ಮಳೆಗಾಲಕ್ಕೆ ನಾಟಿಯಾಗುತ್ತದೆ, ಕಣ ಮಾಲೀಕರದು. ಸರ್ಕಾರದ ಆದೇಶಗಳಲ್ಲಿ ಕ್ರೀಡಾಂಗಣಗಳಿಗೆ ಪ್ರೇಕ್ಷಕರಿಲ್ಲದೆ ತೆರೆಯಲು 2020ರ ಮೇ 18ರಿಂದ, ಜಿಮ್‌ಗಳಿಗೆ ಆಗಸ್ಟ್ 5ರಿಂದ ಅವಕಾಶ ಸಿಕ್ಕಿತು. ಹತ್ತನೆಯ ತರಗತಿಯ ಪಾಠಗಳು ಶಾಲೆಯಲ್ಲಿ ಆರಂಭವಾದದ್ದು 2021ರ ಜನವರಿ 1ರಂದು. ದುಡ್ಡು ಕೊಟ್ಟು ಬೆವರು ಹರಿಸುವವರಿಗೆ ಮೊದಲು ಬಾಗಿಲು ತೆರೆಯಿತು, ಶಾಲೆಯ ಮೈದಾನವೊಂದನ್ನೇ ನಂಬಿದ್ದ ಮಕ್ಕಳಿಗೆ ಕೊನೆಗೆ.

ಆದ್ದರಿಂದ ಆ್ಯಪ್ ಹುಡುಕುವುದನ್ನು ಬಿಡಿ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂತೆ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲೈನ್ ಮನೆಯ ಜಗಲಿಯಲ್ಲಿ ಅದು ಆಗದ ಮಾತು. ಶಾಲೆ ಮುಚ್ಚಿದಾಗ ಮೈದಾನದ ಬೀಗದ ಕೈ ಯಾರ ಬಳಿ ಇರಬೇಕು, ನಿಯಮ ಅನುಮತಿಸಿದೊಡನೆ ಯಾವ ಹೊತ್ತಿಗೆ ನಾಲ್ಕೈದು ಮಕ್ಕಳಂತೆ ಒಳಗೆ ಬಿಡಬೇಕು ಎಂಬುದನ್ನು ಈಗಲೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ಬರೆಸಿ. ಹೆಣ್ಣುಮಕ್ಕಳ ಸಮಯವನ್ನು ಅವರ ತಾಯಂದಿರನ್ನು ಕೇಳಿಯೇ ಗೊತ್ತುಮಾಡಿ. ಚಿಕ್ಕ ತಮ್ಮ ತಂಗಿಯರನ್ನು ಕರೆತಂದರೆ ಗೇಟಿನಲ್ಲಿ ತಡೆಯಬೇಡಿ.