ಬೆಳಿಗ್ಗೆ ಬಿಸಿ ಓಟ್ಸ್ ತಿನ್ನೋದು ನಿಜವಾಗ್ಲೂ ಒಳ್ಳೆಯದಾ? ಅಂಟಂಟು ಅನ್ನಿಸಲ್ವಾ?

‘ಕೊಲೆಸ್ಟರಾಲ್ ಇದೆ, ಓಟ್ಸ್ ತಿನ್ನಿ ಅಂತ ಡಾಕ್ಟರ್ ಹೇಳಿದ್ದಾರೆ. ಬಾಯಿಗಿಟ್ಟರೆ ಗೋಂದು ತಿಂದ ಹಾಗಾಗುತ್ತದೆ. ಇಡ್ಲಿ ಬಿಟ್ಟು ಇದನ್ನು ತಿನ್ನುವಷ್ಟು ಇದರಲ್ಲಿ ಏನಿದೆ?’ ಅಂತ ಕೇಳಿದ್ದೀರಿ. ಓದಿ ನಗು ಬಂತು. ನಾಲ್ಕು ವರ್ಷದ ಹಿಂದೆ ನಾನೂ ಇದೇ ಗೋಂದು ತಿಂದವನು.

ಆಗ ನನ್ನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 152 ಬಂದಿತ್ತು. ಅಂಗಡಿಯಿಂದ ಮಸಾಲೆ ಹಾಕಿದ ಇನ್‌ಸ್ಟಂಟ್ ಪ್ಯಾಕೆಟ್ ತಂದೆ. ಬಿಸಿನೀರು ಸುರಿದು ಮುಚ್ಚಿಟ್ಟು, ಸ್ನಾನ ಮುಗಿಸಿ ಬರುವಷ್ಟರಲ್ಲಿ ಗೋಡೆಗೆ ಪೋಸ್ಟರ್ ಅಂಟಿಸುವ ಮೈದಾ ಅಂಟು ತಯಾರಾಗಿತ್ತು. ಅಮ್ಮ ಬಟ್ಟಲಿಗೆ ಇಣುಕಿ, “ಯಾಕಪ್ಪಾ, ಜ್ವರವಾ?” ಅಂದರು. ಹನ್ನೊಂದು ಗಂಟೆಗೆ ಸರಿಯಾಗಿ ನಾನು ಆಫೀಸಿನ ಕೆಳಗಿನ ದರ್ಶಿನಿಯಲ್ಲಿ ಖಾರಾಬಾತ್ ತಟ್ಟೆ ಹಿಡಿದು ನಿಂತಿದ್ದೆ.

ಅಮ್ಮ ತಮಾಷೆಗೆ ಹೇಳಿದ್ದರಲ್ಲೇ ಉತ್ತರ ಇತ್ತು. ಓಟ್ಸ್ ಅಂದರೆ ಗಂಜಿ, ಅಷ್ಟೇ. ಗಂಜಿ ಮಾಡೋದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ?

ಮೊದಲು ಆ ಲೋಳೆಯ ವಿಷಯ. ನೀವು ಬೈಯುತ್ತಿರುವ ಅಂಟೇ ಇದರ ಗುಣ. ಓಟ್ಸ್‌ನಲ್ಲಿ ಬೀಟಾ ಗ್ಲೂಕನ್ ಅನ್ನುವ ನಾರಿನಂಶ ಇದೆ. ನೀರಿನಲ್ಲಿ ಬೆಂದಾಗ ಅದು ಬೆಂಡೆಕಾಯಿ ಲೋಳೆಯ ಹಾಗೆ ಆಗುತ್ತದೆ. ಕರುಳಿನಲ್ಲಿ ಈ ಲೋಳೆ ಪಿತ್ತರಸದ ಆಮ್ಲಗಳನ್ನು ಹಿಡಿದುಕೊಂಡು ಹೊರಗೆ ಸಾಗಿಸುತ್ತದೆ. ಕಳೆದುಹೋದದ್ದನ್ನು ಮತ್ತೆ ತಯಾರಿಸಲು ಲಿವರ್‌ಗೆ ಕೊಲೆಸ್ಟರಾಲ್ ಬೇಕು, ಅದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ. ಹಾಗಾಗಿ ಎಲ್‌ಡಿಎಲ್ ಸ್ವಲ್ಪ ಇಳಿಯುತ್ತದೆ. ಹೊಟ್ಟೆಯಿಂದ ಊಟ ಮುಂದಕ್ಕೆ ಹೋಗುವುದನ್ನೂ ಈ ಲೋಳೆಯೇ ನಿಧಾನ ಮಾಡುತ್ತದೆ. ಅದಕ್ಕೇ ಹಸಿವು ತಡವಾಗಿ ಬರುತ್ತದೆ, ರಕ್ತದ ಸಕ್ಕರೆಯೂ ಒಮ್ಮೆಲೇ ಏರುವುದಿಲ್ಲ.

ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲೇ ಓಟ್ಸ್ ಪ್ಯಾಕೆಟ್ ಮೇಲೆ ಹೃದಯಕ್ಕೆ ಒಳ್ಳೆಯದು ಅಂತ ಬರೆಯಲು ಒಪ್ಪಿಗೆ ಕೊಟ್ಟಿತು. ಅವರು ಹೇಳುವ ಲೆಕ್ಕ ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್. ಅಷ್ಟು ಸಿಗಲು ಸುಮಾರು 75 ಗ್ರಾಂ ಓಟ್ಸ್ ಬೇಕು. ನಾವು ಸಾಮಾನ್ಯವಾಗಿ ಹಾಕಿಕೊಳ್ಳೋದು 40 ಗ್ರಾಂ, ಅಂದರೆ ಅರ್ಧ ದಾರಿ. ಬಾರ್ಲಿಯಲ್ಲೂ ಇದೇ ನಾರಿದೆ, ಸಾರಿಗೋ ಸೂಪಿಗೋ ಒಂದು ಹಿಡಿ ಹಾಕಿದರೆ ಉಳಿದದ್ದರಲ್ಲಿ ಸ್ವಲ್ಪ ಅಲ್ಲಿಂದ ಬರುತ್ತದೆ.

ಈಗ ಮಾಡುವ ರೀತಿ. ರೋಲ್ಡ್ ಓಟ್ಸ್ ತನ್ನಿ, ಇನ್‌ಸ್ಟಂಟ್ ಬೇಡ. ಇನ್‌ಸ್ಟಂಟ್ ಓಟ್ಸನ್ನು ತೀರಾ ತೆಳ್ಳಗೆ ಒತ್ತಿರುತ್ತಾರೆ, ಬೇಗ ಜೀರ್ಣವಾಗಿ ಸಕ್ಕರೆಯೂ ಬೇಗ ಏರುತ್ತದೆ. ಮಸಾಲೆಯದ್ದಾದರೆ ಉಪ್ಪೂ ಜಾಸ್ತಿ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣದಾಗಿಯೇ ಹುರಿಯಿರಿ, ರವೆ ಹುರಿದ ಹಾಗೆ. ಎರಡು ಮೂರು ನಿಮಿಷದಲ್ಲಿ ಘಮ ಬರುತ್ತದೆ. ಹುರಿದರೆ ಅಂಟು ಅರ್ಧ ಕಡಿಮೆ ಅನ್ನಿಸುತ್ತದೆ, ಈ ಒಂದು ಕೆಲಸ ಮಾತ್ರ ಬಿಡಬೇಡಿ. ಒಂದು ಪಾಲು ಓಟ್ಸ್‌ಗೆ ಮೂರು ಪಾಲು ನೀರು, ಚಿಟಿಕೆ ಉಪ್ಪು, ತುರಿದ ಶುಂಠಿ. ಐದಾರು ನಿಮಿಷ ಕುದಿಸಿ, ಇನ್ನೂ ನೀರಾಗಿದೆ ಅನ್ನಿಸುವಾಗಲೇ ಇಳಿಸಿ. ಕೂತಂತೆ ಗಟ್ಟಿಯಾಗುತ್ತದೆ. ಅರ್ಧ ಚಮಚ ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು, ಒಂದು ಒಣಮೆಣಸಿನಕಾಯಿ. ಚುರ್ ಅಂತ ಒಗ್ಗರಣೆ ಬಿದ್ದ ಮೇಲೆ ಅದು ಓಟ್ಸ್ ಅಂತ ನೆನಪೇ ಇರುವುದಿಲ್ಲ. ಅವರೆಕಾಯಿ ಕಾಲದಲ್ಲಿ ಬೇಯಿಸಿದ ಹಿತಕಿದ ಬೇಳೆ ಒಂದು ಹಿಡಿ ಸೇರಿಸುತ್ತೇನೆ. ಬೇಸಿಗೆಯಲ್ಲಿ ಉಗುರುಬೆಚ್ಚಗಾದ ಮೇಲೆ ಮಜ್ಜಿಗೆ ಬೆರೆಸಿ ಅಂಬಲಿಯ ಹಾಗೆ ಕುಡಿಯೋದು.

ಡಿಸೆಂಬರ್‌ನಲ್ಲಿ ಇದರ ಸುಖವೇ ಬೇರೆ. ಆರೂವರೆಗೆ ಹೊರಗೆ ಮಂಜು, ಬಾಲ್ಕನಿಯ ಕಬ್ಬಿಣ ಮುಟ್ಟಿದರೆ ಕೈ ಕೊರೆಯುತ್ತದೆ. ಸ್ಟೀಲ್ ಬಟ್ಟಲನ್ನು ಟವೆಲ್‌ನಲ್ಲಿ ಹಿಡಿದುಕೊಂಡು ಊದಿ ಊದಿ ತಿನ್ನುತ್ತೇನೆ. ಇಡ್ಲಿಯನ್ನು ನಿಂತುಕೊಂಡೂ ತಿನ್ನಬಹುದು. ಬಿಸಿ ಗಂಜಿಗೆ ಕೂರಲೇಬೇಕು. ಬಸ್ಸು ಹಿಡಿಯುವ ಮೊದಲಿನ ಆ ಹತ್ತು ನಿಮಿಷ ಯಾರೂ ನನ್ನನ್ನು ಮಾತಾಡಿಸುವುದಿಲ್ಲ. ಆಮೇಲೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಒಂದು ಗಂಟೆ ನಿಂತರೂ ಹೊಟ್ಟೆ ತಕರಾರು ಮಾಡುವುದಿಲ್ಲ.

ಇಡ್ಲಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ರಾಗಿಯ ಮುಂದೆ ಓಟ್ಸ್ ಮೆರೆಯುವುದೂ ಬೇಡ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ, ಓಟ್ಸ್‌ನಲ್ಲಿ ಅದರ ಕಾಲು ಭಾಗವೂ ಇಲ್ಲ. ನಾನು ವಾರಕ್ಕೆ ನಾಲ್ಕು ದಿನ ಓಟ್ಸ್, ಎರಡು ದಿನ ರಾಗಿ. ಭಾನುವಾರ ದೋಸೆ, ಅದರಲ್ಲಿ ಚೌಕಾಸಿ ಇಲ್ಲ. ನಾಲ್ಕು ತಿಂಗಳ ಮೇಲೆ ಎಲ್‌ಡಿಎಲ್ 136 ಬಂತು. ಆದರೆ ಸಂಜೆಯ ಬಜ್ಜಿ ಬಿಟ್ಟಿದ್ದೆ, ಪಾರ್ಕಿನಲ್ಲಿ ನಡೆಯಲೂ ಶುರು ಮಾಡಿದ್ದೆ. ಓಟ್ಸ್ ಒಂದಕ್ಕೇ ಹಾರ ಹಾಕಲಾರೆ. ನಿಮಗೆ ಡಾಕ್ಟರ್ ಮಾತ್ರೆ ಕೊಟ್ಟಿದ್ದರೆ, ಗಂಜಿ ನಂಬಿಕೊಂಡು ಅದನ್ನು ನಿಲ್ಲಿಸಬೇಡಿ.

ಇನ್ನೆರಡು ಮಾತು. ಮೊದಲ ವಾರ ಸ್ವಲ್ಪ ಸ್ವಲ್ಪವೇ ತಿನ್ನಿ, ಒಮ್ಮೆಲೇ ದೊಡ್ಡ ಬಟ್ಟಲು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ಮನೆಯಲ್ಲಿ ಯಾರಾದರೂ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ತಿನ್ನಲಿ. ಮತ್ತೆ ಆಫರ್ ಇದೆ ಅಂತ ಎರಡು ಕೆಜಿ ಡಬ್ಬ ತರಬೇಡಿ. ಇದು ಜಿಡ್ಡು ಜಾಸ್ತಿ ಇರುವ ಧಾನ್ಯ, ತೆರೆದಿಟ್ಟು ತಿಂಗಳುಗಟ್ಟಲೆ ಬಿಟ್ಟರೆ ಕಮಟು ವಾಸನೆ ಬರುತ್ತದೆ. ಅರ್ಧ ಕೆಜಿ ಸಾಕು.