ದಿನಕ್ಕೆ 30 ಪದ, ಭಾನುವಾರಕ್ಕೆ ಸೊನ್ನೆ

ಪ್ರಶ್ನೆ: ನಾನು ಓದಿದ್ದು ಮುಂಬಯಿಯ ಮುನ್ಸಿಪಾಲಿಟಿ ಕನ್ನಡ ಶಾಲೆಯಲ್ಲಿ. ಈಗ ಫೋರ್ಟ್‌ನಲ್ಲಿ ಕೆಲಸ. ಆಫೀಸಿನ ಮೇಲ್‌ಗಳಲ್ಲಿ ಬರುವ ದೊಡ್ಡ ದೊಡ್ಡ ಇಂಗ್ಲಿಷ್ ಪದ ತಿಳಿಯುವುದಿಲ್ಲ ಅಂತ ಲೋಕಲ್ ರೈಲಿನಲ್ಲಿ ದಿನಕ್ಕೆ 30 ಪದ ಬಾಯಿಪಾಠ ಮಾಡುತ್ತೇನೆ. ಭಾನುವಾರ ನೋಡಿದರೆ ನಾಲ್ಕೂ ನೆನಪಿಲ್ಲ. ನನ್ನ ತಲೆಯೇ ಮಂದವಾ?
– ಓದುಗರೊಬ್ಬರು, ಡೊಂಬಿವಿಲಿ

ಉತ್ತರ: ತಲೆ ಸರಿಯಾಗಿಯೇ ಇದೆ, ತಪ್ಪು ಪಟ್ಟಿಯದ್ದು. ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ಅರ್ಥವೇ ಇಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆತೆ ಅಂತ ಲೆಕ್ಕ ಇಟ್ಟು 1885ರಲ್ಲಿ ಪ್ರಕಟಿಸಿದ. ಒಂದು ಗಂಟೆಯೊಳಗೇ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಬರೀ ಪಟ್ಟಿ ಉರು ಹೊಡೆಯುವಾಗ ನೀವು ಮಾಡುವುದೂ ಹೆಚ್ಚುಕಡಿಮೆ ಅದನ್ನೇ, ಅಲ್ವಾ? ಡೊಂಬಿವಿಲಿಯಲ್ಲಿ ಹತ್ತಿದ ಪದ ದಾದರ್‌ನಲ್ಲಿ ಇಳಿದುಹೋಗುತ್ತದೆ.

30 ಬಿಡಿ, 5 ಸಾಕು. ಅದೂ ನಿಮ್ಮ ಮೇಲ್‌ನಲ್ಲೇ ಬಂದ ಪದವನ್ನು ಇಡೀ ವಾಕ್ಯದ ಸಮೇತ ಬರೆದುಕೊಳ್ಳಿ. ಆಮೇಲೆ ಬಿಡಿಸಿ ನೋಡಿ. ‘ಸರ್ಕಮ್‌ಸ್ಪೆಕ್ಟ್’ ಅಂತ ಒಂದು ಪದ. ಲ್ಯಾಟಿನ್‌ನಲ್ಲಿ ‘ಸರ್ಕಮ್’ ಅಂದರೆ ಸುತ್ತ, ‘ಸ್ಪೆಕ್ಟ್’ ನೋಡುವುದಕ್ಕೆ ಸಂಬಂಧಿಸಿದ್ದು. ಸುತ್ತ ನೋಡಿಯೇ ಹೆಜ್ಜೆ ಇಡುವವನು, ಅಂದರೆ ನಾವು ಹಿಂದೆಮುಂದೆ ನೋಡುವವನು ಅನ್ನುತ್ತೇವಲ್ಲ, ಅದೇ ಆಸಾಮಿ! ‘ಸ್ಪೆಕ್ಟ್’ ಒಂದು ಕೈಗೆ ಸಿಕ್ಕರೆ ಒಳಗೆ ಇಣುಕುವ ‘ಇನ್‌ಸ್ಪೆಕ್ಟ್’, ಹಿಂತಿರುಗಿ ನೋಡುವ ‘ರೆಟ್ರೋಸ್ಪೆಕ್ಟ್’ ಎಲ್ಲ ಜೊತೆಗೇ ಬರುತ್ತವೆ. ಮರುದಿನ ಅರ್ಥ ಮುಚ್ಚಿಟ್ಟು ನೆನಪಿಸಿಕೊಳ್ಳಿ, ಮತ್ತೆ ಮೂರು ದಿನ ಬಿಟ್ಟು, ಮತ್ತೆ ವಾರ ಬಿಟ್ಟು. ಸುಮ್ನೆ ಓದುತ್ತಾ ಹೋದರೆ ಎಲ್ಲ ಗೊತ್ತಿದೆ ಅನ್ನಿಸುತ್ತದೆ, ಅಷ್ಟೇ.

ಹಾಂ, ಬೇರು ಸಿಕ್ಕಿತು ಅಂತ ಅರ್ಥವನ್ನು ಊಹಿಸಿಬಿಡಬೇಡಿ. ‘ಆಫೀಸ್’ಗೆ ಸಂಬಂಧಿಸಿದ ಒಳ್ಳೆ ಗುಣ ಇರಬೇಕು ಅಂತ ನಾನೊಮ್ಮೆ ಮ್ಯಾನೇಜರರ ಬೀಳ್ಕೊಡುಗೆಯಲ್ಲಿ ಅವರನ್ನು ‘ಆಫಿಷಿಯಸ್’ ಅಂತ ಹೊಗಳಿದ್ದೆ. ಅದರ ಅರ್ಥ, ಕರೆಯದಿದ್ದರೂ ಬಂದು ದೊಡ್ಡಸ್ತಿಕೆ ಮಾಡುವವರು. ಅವರೇನೋ ನಕ್ಕರು, ನನಗೆ ಮಾತ್ರ ಸಮೋಸ ಗಂಟಲಲ್ಲಿ ಇಳಿಯಲಿಲ್ಲ.

ಪ್ರಶ್ನೆ: ಮಗಳು ಎಂಟನೇ ಕ್ಲಾಸು. ಇಂಗ್ಲಿಷ್-ಕನ್ನಡ ನಿಘಂಟು ಕೊಡಿಸಲಾ, ಇಂಗ್ಲಿಷ್-ಇಂಗ್ಲಿಷ್ ಕೊಡಿಸಲಾ?
– ಓದುಗರೊಬ್ಬರು, ಪುಣೆ

ಉತ್ತರ: ಎರಡೂ ಇರಲಿ. ಇಂಗ್ಲಿಷ್-ಇಂಗ್ಲಿಷ್ ನಿಘಂಟನ್ನು ಮಾತ್ರ, ಭಾಷೆ ಕಲಿಯುವವರಿಗೆಂದೇ ಮಾಡಿದ್ದು ನೋಡಿ ತನ್ನಿ. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಸುಮಾರು 2000 ಸುಲಭ ಪದಗಳಲ್ಲೇ ಅರ್ಥ ಹೇಳುವ ಕ್ರಮ ಇಟ್ಟುಕೊಂಡಿತು. ಇಲ್ಲದಿದ್ದರೆ ಒಂದು ಪದ ಹುಡುಕಲು ಹೋಗಿ ಇನ್ನೆರಡು ಹುಡುಕಬೇಕಾಗುತ್ತದೆ. ಕನ್ನಡದ್ದೂ ಬೇಕೇ ಬೇಕು. ‘ಓಬರ್ಜೀನ್’ ಅಂದರೇನು ಅಂತ ಇಂಗ್ಲಿಷಿನಲ್ಲಿ ಎರಡು ಸಾಲು ಓದುವ ಬದಲು ಬದನೆಕಾಯಿ ಅಂದರೆ ಮುಗಿಯಿತಲ್ಲ.